ಮಹಾಳಿ ಮದ್ದು: ಅಂಗಡಿಯ ಮೂರು ಕಟ್ಟು, ಅದರ ಮೇಲಿನ ಒಂದು ತ್ರಿಕೋನ

ಮೇ ತಿಂಗಳ ಕೊನೆಯ ವಾರ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಅಂಗಡಿ ಜಗಲಿಗಳಲ್ಲಿ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲ ಬಂದು ಬಿದ್ದಿರುತ್ತದೆ. ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಕಾಯಿ ಕೊಳೆಸುವ ಮಹಾಳಿ ರೋಗದ ಮದ್ದು ಬಿಟ್ಟಾಗಬೇಕು. ಮರ ಹತ್ತುವವರು ಸಿಗುವ ದಿನ, ಬಿಸಿಲಿರುವ ದಿನ, ಮದ್ದು ಮನೆಗೆ ಬಂದಿರುವ ದಿನ, ಮೂರೂ ಒಂದೇ ಆಗಬೇಕು. ಆ ಗಡಿಬಿಡಿಯಲ್ಲಿ ಕೊಳ್ಳುತ್ತಿರುವುದು ಏನೆಂದು ನೋಡಲು ಯಾರಿಗೂ ಪುರುಸೊತ್ತಿಲ್ಲ.

ಅಂಗಡಿಯವರು ಮುಂದಿಡುವುದು ಹೆಚ್ಚಾಗಿ ಮೂರು ಕಟ್ಟು. ಮೈಲುತುತ್ತು ಮತ್ತು ಸುಣ್ಣ, ಅಂದರೆ ಮನೆಯಲ್ಲೇ ಮಾಡುವ ಬೋರ್ಡೋ ದ್ರಾವಣ. ಎರಡನೆಯದು ಕಾಪರ್ ಆಕ್ಸಿಕ್ಲೋರೈಡ್ ಎಂಬ ರೆಡಿ ಪುಡಿ. ಮೂರನೆಯದು ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಬೆರೆಸಿದ ದುಬಾರಿ ಪ್ಯಾಕೆಟ್. ಈ ಮೂರನ್ನೂ ಇಲ್ಲಿ ತೂಗಿ ನೋಡಲಾಗಿದೆ. ಜೊತೆಗೆ ಪ್ಯಾಕೆಟಿನ ಲೇಬಲ್ಲನ್ನೂ ಒಂದು ಸರಕೆಂದೇ ಎಣಿಸಿದ್ದೇವೆ. ವಿಜ್ಞಾನಿಯ ಮಾತು, ಕಂಪೆನಿಯ ಲೆಕ್ಕ, ಸರಕಾರದ ಒಪ್ಪಿಗೆ ಒಟ್ಟಾಗಿ ರೈತನ ಕೈಗೆ ಬರುವ ಕಾಗದ ಅದೊಂದೇ. ಮೂವರ ನಡುವೆ ಎಲ್ಲಿ ಕೊಂಡಿ ಕಳಚಿದೆ ಎಂಬುದೂ ಅದರಲ್ಲೇ ಕಾಣುತ್ತದೆ.

ಮೈಲುತುತ್ತು, ಸುಣ್ಣ

ಬೋರ್ಡೋ ದ್ರಾವಣ ಯಾವ ಕಂಪೆನಿಯ ಸ್ವತ್ತೂ ಅಲ್ಲ. ಫ್ರಾನ್ಸಿನ ಮೆಡಾಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಂತೆ ತುತ್ತು, ಸುಣ್ಣ ಎರಚಿಟ್ಟ ಬಳ್ಳಿಗಳಿಗೆ ರೋಗ ಬಾರದ್ದನ್ನು ಮಿಯಾರ್ದೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಕಂಡ, 1885ರಲ್ಲಿ ಪ್ರಕಟಿಸಿದ. ಮೈಸೂರು ಸಂಸ್ಥಾನದ ಕೆಲಸಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು, ಅಂದರೆ ಇದೇ ಮಹಾಳಿಯನ್ನು, ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಅದೇ ದ್ರಾವಣ ಅಡಿಕೆ ಕೊನೆಗೆ ಹತ್ತಿತು. ಸಂಶೋಧನೆಗೆ ಹಣ ಸರಕಾರದ್ದು, ಶಿಫಾರಸೂ ಸರಕಾರದ್ದು, ನಡುವೆ ಮಾರಿಕೊಳ್ಳುವ ಕಂಪೆನಿಯೇ ಇರಲಿಲ್ಲ. ಮದರಾಸು ಸರಕಾರ 1916ರಲ್ಲಿ ಕಾಸರಗೋಡಿನಲ್ಲಿ ತೆರೆದ ತೆಂಗು ಸಂಶೋಧನಾ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಆಯಿತು. ಮಹಾಳಿಗೆ ಆ ಸಂಸ್ಥೆ ಹೇಳುವುದು ಇಂದಿಗೂ ಶೇಕಡಾ 1ರ ಬೋರ್ಡೋವನ್ನೇ. ನೂರು ವರ್ಷ ದಾಟಿಯೂ ಪದವಿ ಉಳಿಸಿಕೊಂಡ ಕೃಷಿ ಔಷಧಿ ಬೇರೆ ಹೆಚ್ಚಿಲ್ಲ.

ಸರಕು ಚೆನ್ನ, ಆದರೆ ಕೊಳ್ಳುವಾಗಲೇ ತಕರಾರು ಶುರು. ಇದೇ ನೀಲಿ ಹರಳು ಮೂರು ಹೆಸರಿನಲ್ಲಿ ಓಡಾಡುತ್ತದೆ. ಗೊಬ್ಬರ ಎಂದು ಮಾರಿದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅನ್ವಯ. ಅದರಂತೆ ತಾಮ್ರ ಕನಿಷ್ಠ ಶೇಕಡಾ 24 ಇರಬೇಕು. ಕೀಟನಾಶಕ ಎಂದು ಮಾರಿದರೆ 1968ರ ಕೀಟನಾಶಕ ಕಾಯಿದೆ, ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಎಲ್ಲ ಬೇಕು. ಕೈಗಾರಿಕೆಯ ರಾಸಾಯನಿಕ ಎಂದು ಮಾರಿದರೆ ಈ ಎರಡರ ಕಣ್ಣೂ ಅದರ ಮೇಲೆ ಬೀಳುವುದಿಲ್ಲ. ಸಡಿಲ ಚೀಲದಿಂದ ತೂಗಿ ಕೊಟ್ಟ ಹರಳು ಈ ಮೂರರಲ್ಲಿ ಯಾವುದು ಎಂದು ಬಿಲ್ಲಿನಲ್ಲೂ ಬರೆದಿರುವುದಿಲ್ಲ. ಮುಚ್ಚಿದ ಕಟ್ಟನ್ನೇ ಕೊಳ್ಳಿ, ತಾಮ್ರದ ಪ್ರಮಾಣ ಬರೆದಿದೆಯೇ ನೋಡಿ.

ಪುಡಿಗಿಂತ ಹರಳು ವಾಸಿ, ದೊಡ್ಡ ಹರಳು ಇನ್ನೂ ವಾಸಿ. ಪುಡಿಗೆ ಬೆರಕೆ ಸುಲಭ. ಹರಳಿನ ಮೈಮೇಲೆ ಬಿಳಿ ಹಿಟ್ಟು ಕೂತಿದ್ದರೆ ಹೆದರಬೇಕಾಗಿಲ್ಲ, ಹರಳಿನೊಳಗಿನ ನೀರು ಆರಿದೆ ಅಷ್ಟೆ, ತಾಮ್ರ ಕಡಿಮೆಯಾಗಿಲ್ಲ. ಹಸಿರು ಛಾಯೆ ಇದ್ದರೆ ಸಂಶಯಪಡಿ, ಅದು ಅನ್ನಭೇದಿ ಬೆರೆತ ಗುರುತು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗಾಜಿನ ಲೋಟದಲ್ಲಿ ಅರ್ಧ ನೀರು ತೆಗೆದುಕೊಂಡು ಚಿಟಿಕೆ ಹರಳು ಕರಗಿಸಿ ಅಮೋನಿಯ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಮೊದಲು ತಿಳಿನೀಲಿ ಗಸಿ ಬರುತ್ತದೆ. ಇನ್ನೂ ಬಿಟ್ಟರೆ ಗಸಿ ಕರಗಿ ಶಾಯಿಯಂಥ ಕಡುನೀಲಿ, ತಿಳಿ. ಕಡುನೀಲಿಯ ಅಡಿಯಲ್ಲಿ ಕಂದು ಅಥವಾ ಕೊಳಕು ಹಸಿರು ಮಡ್ಡಿ ಉಳಿದರೆ ಕಬ್ಬಿಣ ಸೇರಿದೆ. ಬಣ್ಣವಿಲ್ಲದ ಅಗ್ಗದ ಲವಣ ಬೆರೆಸಿದ್ದರೆ ಮಾತ್ರ ಈ ಪರೀಕ್ಷೆ ನಂಬುವ ಹಾಗಿಲ್ಲ, ತಾಮ್ರವನ್ನೇ ಅಳೆಯುವ ಪ್ರಯೋಗಾಲಯ ಬೇಕು. ಅಮೋನಿಯದ ಘಾಟು ಕಣ್ಣು ಮೂಗಿಗೆ ಹೊಡೆಯುತ್ತದೆ, ಜಗಲಿಯಲ್ಲಿ ಗಾಳಿ ಬರುವ ಕಡೆ ಮಾಡಿ.

ಸುಣ್ಣಕ್ಕೆ ಇಷ್ಟು ಕಷ್ಟವಿಲ್ಲ. ಸುಟ್ಟ ಸುಣ್ಣದ ಗಟ್ಟಿ ನೀರು ತಾಗಿದೊಡನೆ ಕುದಿದು ಒಡೆಯಬೇಕು. ಕುದಿಯದೆ ಮೆತ್ತಗೆ ಕೂತರೆ ಅದು ಗಾಳಿಯಲ್ಲಿದ್ದು ಜೀವ ಹೋದ ಸುಣ್ಣ, ಬೋರ್ಡೋಗೆ ಬರುವುದಿಲ್ಲ. ಮೊದಲೇ ಅರಳಿಸಿದ ಪುಡಿ ಸುಣ್ಣ ತಂದರೆ 1 ಕಿಲೋ ಬದಲು 1.3 ಕಿಲೋ ಹಿಡಿಯಿರಿ, ಅದರಲ್ಲಿ ನೀರಿನ ಪಾಲೂ ಸೇರಿರುತ್ತದೆ.

ಅಳತೆ ಎಲ್ಲರಿಗೂ ಬಾಯಿಪಾಠ: 100 ಲೀಟರಿಗೆ 1 ಕಿಲೋ ತುತ್ತು, 1 ಕಿಲೋ ಸುಣ್ಣ. 200 ಲೀಟರಿನ ಬ್ಯಾರಲಿಗೆ ಎರಡೆರಡು. ಕೆಡುವುದು ಅಳತೆಯಲ್ಲಲ್ಲ, ಬೆರೆಸುವ ಕ್ರಮದಲ್ಲಿ. ತುತ್ತನ್ನು 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಬ್ಯಾರಲಿನಲ್ಲೇ ಕರಗಿಸಬೇಕು. ಕಬ್ಬಿಣದ ಅಥವಾ ಸತು ಬಳಿದ ಬಾಲ್ದಿಯಲ್ಲಿ ಹಾಕಿದರೆ ತಾಮ್ರ ಬಾಲ್ದಿಯ ಮೈಗೆ ಹತ್ತಿ ಬಾಲ್ದಿ ತೂತಾಗುತ್ತದೆ, ಮದ್ದಿನಲ್ಲಿ ತಾಮ್ರ ಉಳಿಯುವುದಿಲ್ಲ. ಹರಳು ಬುಡದಲ್ಲಿ ಬಿದ್ದರೆ ಗಂಟೆಗಟ್ಟಲೆ ಕಲಕಿದರೂ ಕರಗದು. ಗೋಣಿ ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟೇ ನೇತುಹಾಕಿದರೆ ಕರಗಿದ ದ್ರಾವಣ ಭಾರವಾಗಿ ತಾನೇ ಕೆಳಗಿಳಿಯುತ್ತದೆ, ರಾತ್ರಿ ಕಟ್ಟಿದ್ದು ಬೆಳಗ್ಗೆಗೆ ತಯಾರು.

ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಅರಳಿಸಿ, ಪೂರ್ತಿ ತಣಿಸಿ, ಬಟ್ಟೆಯಲ್ಲಿ ಸೋಸಿ, ಇನ್ನೊಂದು 50 ಲೀಟರ್ ಮಾಡಿಕೊಳ್ಳಿ. ಈ ಪಾತ್ರೆ ಕಬ್ಬಿಣದ್ದಾದರೂ ಅಡ್ಡಿಯಿಲ್ಲ. ತೆಳು ಪ್ಲಾಸ್ಟಿಕ್ ಬಾಲ್ದಿ ಮಾತ್ರ ಬೇಡ, ಬಿಸಿಗೆ ಸೊಟ್ಟಗಾಗುತ್ತದೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಬೇಕು. ತಿರುವುಮುರುವು ಮಾಡಿದರೆ ಕಣ ಒರಟಾಗುತ್ತದೆ. ಬಿಸಿ ಸುಣ್ಣಕ್ಕೆ ಹೊಯ್ದರೆ ಬಣ್ಣ ಕಪ್ಪಿಗೆ ತಿರುಗಿ ತಾಮ್ರದ ಆಕ್ಸೈಡ್ ಆಗುತ್ತದೆ. ಎರಡನ್ನೂ ಗಟ್ಟಿಯಾಗಿ ಬೆರೆಸಿ ಆಮೇಲೆ ನೀರು ಸುರಿಯುವುದು ಕೂಡ ತಪ್ಪು, ಅದರಲ್ಲೂ ಕಣ ಒರಟು. ಒರಟು ಕಣ ಕಾಯಿಗೆ ಅಂಟುವುದಿಲ್ಲ, ಮೊದಲ ಜಡಿಮಳೆಗೆ ತೊಳೆದುಹೋಗುತ್ತದೆ. ಸರಿಯಾದ ದ್ರಾವಣ ಆಕಾಶನೀಲಿ, ಲೋಳೆಯ ಹಾಗೆ, ಲೋಟದಲ್ಲಿಟ್ಟರೆ ಬೇಗ ತಳ ಕೂರದು.

ಹೊಳೆಯುವ ಚಾಕು ಅಥವಾ ಬ್ಲೇಡನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಕಂದಿನ ಲೇಪ ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ. ಎಳೆ ಕಾಯಿ, ಹಿಂಗಾರ ಸುಡುತ್ತದೆ. ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಲಿಟ್ಮಸ್ ಕಾಗದ ಇದ್ದರೆ ಇನ್ನೂ ಸುಲಭ. ಶುದ್ಧ ಸುಟ್ಟ ಸುಣ್ಣವಾದರೆ 1 ಕಿಲೋ ತುತ್ತಿಗೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಕಾಲು ಕಿಲೋವೂ ಬೇಡ. ಪೇಟೆಯ ಸುಣ್ಣವನ್ನು ನಂಬಲಾಗದು ಎಂಬುದಕ್ಕೇ ಸರಿಸಮ ಹೇಳುವುದು. ಸುಣ್ಣ ತೀರಾ ಹೆಚ್ಚಾದರೆ ಕಾಯಿ ಸುಡದಿದ್ದರೂ ನಾಜಲ್ ಕಟ್ಟುತ್ತದೆ, ತಾಮ್ರ ಹೊರಬಿಡುವುದು ನಿಧಾನವಾಗುತ್ತದೆ. ಎರಡರಲ್ಲಿ ತಪ್ಪಲೇಬೇಕೆಂದಿದ್ದರೆ ಸುಣ್ಣದ ಕಡೆಗೆ ತಪ್ಪಿ.

ಮಾಡಿದ ದಿನವೇ ಮುಗಿಸಬೇಕು, ರಾತ್ರಿ ಉಳಿದದ್ದು ಅಂಟು ಕಳೆದುಕೊಂಡಿರುತ್ತದೆ. ಇದಕ್ಕೆ ತಿಗಣೆ ಮದ್ದೂ ಸೇರಿಸಿ ಒಂದೇ ಸಲ ಬಿಡೋಣ ಎಂಬ ಉಪಾಯ ಬಹಳ ತೋಟಗಳಲ್ಲಿ ನಡೆಯುತ್ತದೆ. ಬೋರ್ಡೋದ ಕ್ಷಾರಕ್ಕೆ ಕ್ವಿನಾಲ್‌ಫಾಸ್‌ನಂಥ ರಂಜಕಯುಕ್ತ ಕೀಟನಾಶಕ ಒಡೆದುಹೋಗುತ್ತದೆ, ಆ ದುಡ್ಡು ದಂಡ. ಕಣ್ಣಿಗೆ ಕನ್ನಡಕ ಕಡ್ಡಾಯ; ಮರದ ಬುಡದಲ್ಲಿ ತಲೆ ಎತ್ತಿ ನಿಂತವರಿಗೆ ಹನಿ ನೇರ ಕಣ್ಣಿಗೇ ಬೀಳುತ್ತದೆ. ಪಂಪು ತೊಳೆದ ನೀರು ತೋಡಿಗೆ ಬಿಡಬೇಡಿ, ತಾಮ್ರಕ್ಕೆ ಮೀನು ಸಾಯುತ್ತವೆ.

ಮಹಾಳಿ ತರುವ ಫೈಟೊಫ್ತೋರ ನಿಜವಾದ ಶಿಲೀಂಧ್ರ ಅಲ್ಲ; ಅದರ ಬೀಜಾಣು ಮಳೆಹನಿಯಲ್ಲಿ ಈಜಿಕೊಂಡು ಬಂದು ಕಾಯಿಯ ತೊಟ್ಟಿನ ಹತ್ತಿರ ಹೊಕ್ಕುತ್ತದೆ. ಹೊಗುವ ಮೊದಲು ತಾಮ್ರ ಕಾದಿರಬೇಕು. ಹೊಕ್ಕ ಮೇಲೆ ಹೊಡೆದ ಬೋರ್ಡೋ ಪಕ್ಕದ ಕಾಯಿಗೆ ಉಪಕಾರ, ಆ ಕಾಯಿಗಲ್ಲ. ಮೊದಲನೆಯದು ಮಳೆ ಹಿಡಿಯುವ ಮೊದಲು, ಎರಡನೆಯದು 40ರಿಂದ 45 ದಿನಕ್ಕೆ, ಮಳೆ ಎಳೆದರೆ ಮೂರನೆಯದು ಎಂಬ ಲೆಕ್ಕ ಬಂದದ್ದು ಹೀಗೆ. ಹಿಂದಿನ ವರ್ಷದ ಒಣಗಿದ ಕೊನೆ ಮರದಲ್ಲೇ ನೇತಾಡುತ್ತಿದ್ದರೆ, ಬಿದ್ದ ಕೊಳೆ ಕಾಯಿ ಬುಡದಲ್ಲೇ ಇದ್ದರೆ ಯಾವ ಕಟ್ಟು ತಂದರೂ ಅರ್ಧ ಕೆಲಸ ನೀರಿಗೆ ಹೋಯಿತು.

ಒಂದು ಕೊರೆ ಇದೆ, ಅದನ್ನು ಹೇಳದೆ ಬಿಟ್ಟರೆ ವಿಮರ್ಶೆ ಜಾಹೀರಾತಾಗುತ್ತದೆ. ಶೇಕಡಾ 1ರ ದ್ರಾವಣದಲ್ಲಿ ಲೀಟರಿಗೆ ಸುಮಾರು 2.5 ಗ್ರಾಂ ತಾಮ್ರ. 2.7 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 1,370 ಮರ. ಮರಕ್ಕೆ 1 ಲೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 3.5 ಕಿಲೋ ತಾಮ್ರ, ಮೂರು ಸಲಕ್ಕೆ 10 ಕಿಲೋ ದಾಟುತ್ತದೆ. ಐರೋಪ್ಯ ಒಕ್ಕೂಟ ತನ್ನ ರೈತರಿಗೆ ಹಾಕಿರುವ ಮಿತಿ 7 ವರ್ಷಕ್ಕೆ 28 ಕಿಲೋ, ಸರಾಸರಿ ವರ್ಷಕ್ಕೆ 4. ತಾಮ್ರ ಕೊಳೆಯುವುದಿಲ್ಲ, ಹೆಚ್ಚಿನಂಶ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಎರೆಹುಳಕ್ಕೆ ಮೊದಲ ಪೆಟ್ಟು. ಅಜ್ಜನ ಕಾಲದಿಂದ ಬೋರ್ಡೋ ಕುಡಿದ ತೋಟದವರು ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಲು ಹೇಳಿ. ಸಾರಜನಕ, ರಂಜಕ, ಪೊಟ್ಯಾಶ್ ಮಾತ್ರ ಬರೆದ ಚೀಟಿ ಇದಕ್ಕೆ ಸಾಲದು.

ಅಂಕ 10ಕ್ಕೆ 8.

ರೆಡಿ ಪುಡಿ

ಕಾಪರ್ ಆಕ್ಸಿಕ್ಲೋರೈಡಿನ ಆಕರ್ಷಣೆ ಕೆಲಸ ಕಡಿಮೆ ಎಂಬುದು. ಅರಳಿಸುವುದಿಲ್ಲ, ಸೋಸುವುದಿಲ್ಲ, ಚಾಕು ಅದ್ದುವುದಿಲ್ಲ. ಆಳು ಸಿಗದ ಊರಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಲೆಕ್ಕ ಮಾಡಿ. ಪುಡಿಯಲ್ಲಿ ತಾಮ್ರ ಶೇಕಡಾ 50. ಸಾಮಾನ್ಯವಾಗಿ ಹೇಳುವ ಪ್ರಮಾಣ ಲೀಟರಿಗೆ 3 ಗ್ರಾಂ. ಅಂದರೆ 100 ಲೀಟರಿಗೆ 150 ಗ್ರಾಂ ತಾಮ್ರ. ಬೋರ್ಡೋದಲ್ಲಿ 250ರ ಹತ್ತಿರ. ಕಮ್ಮಿ ತಾಮ್ರ ಮಣ್ಣಿಗೆ ಒಳ್ಳೆಯದೇ, ಆದರೆ ಇಲ್ಲಿ ಅಂಟೂ ಕಮ್ಮಿ. ಬೋರ್ಡೋ ಒಣಗಿದಾಗ ಕಾಯಿಯ ಮೇಲೆ ಪೊರೆ ಕಟ್ಟುತ್ತದೆ, ಇದು ಪುಡಿಯಾಗಿಯೇ ಕೂರುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಸುರಿದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿಯುವ ಈ ಜಿಲ್ಲೆಯಲ್ಲಿ ಅಂಟೇ ಮದ್ದಿನ ಅರ್ಧ ಆಯುಸ್ಸು. ಆಷಾಢದ ಮಳೆಯಲ್ಲಿ ಎರಡು ದಿನ ಹೊಳವು ಸಿಕ್ಕಿದಾಗ, ಸುಣ್ಣ ಅರಳಿಸುತ್ತಾ ಕೂರಲು ಹೊತ್ತಿಲ್ಲದಾಗ ಇದು ಸರಿ, ಅಂಟು ದ್ರವ ಸೇರಿಸಿ. ನರ್ಸರಿ ಗಿಡಕ್ಕೂ ಸರಿ. ಮೊದಲ ಮದ್ದಿಗೆ ಇದನ್ನೇ ನಂಬಿ ಕೂರುವುದು ಬೇಡ. ಅಂಕ 6.

ದುಬಾರಿ ಪ್ಯಾಕೆಟ್

ಮೆಟಲಾಕ್ಸಿಲ್ ಫೈಟೊಫ್ತೋರ ಜಾತಿಯವಕ್ಕೇ ಹೇಳಿಸಿದ ಮದ್ದು, ಗಿಡದೊಳಗೆ ಹೊಕ್ಕು ಕೆಲಸ ಮಾಡುತ್ತದೆ. ಅಂಗಡಿಯವರು ಹೇಳುವ ‘ಒಳಗಿಂದ ಗುಣ ಮಾಡುತ್ತದೆ’ ಎಂಬ ಮಾತು ಅರ್ಧ ನಿಜ. ಅದು ಸಾಗುವುದು ನೀರು ಏರುವ ದಾರಿಯಲ್ಲಿ, ಹೆಚ್ಚಾಗಿ ಎಲೆಯ ಕಡೆಗೆ. ನೀರು ಆವಿಯಾಗುವುದು ಕಡಿಮೆ ಇರುವ ಮೇಣದ ಮೈಯ ಕಾಯಿಗೆ ತಾನಾಗಿ ಹೋಗಿ ಸೇರುವುದಿಲ್ಲ. ಹಾಗಾಗಿ ಇದನ್ನೂ ಕೊನೆಗೇ ನೆನೆಯುವ ಹಾಗೆ ಹೊಡೆಯಬೇಕು, ಬುಡಕ್ಕೆ ಸುರಿದು ಮಹಾಳಿ ನಿಲ್ಲುವುದಿಲ್ಲ. ಇನ್ನೊಂದು ಕಷ್ಟ, ರೋಗಾಣು ಇದಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ 1980ರಲ್ಲೇ ಇದು ನಾಟದೆ ಹೋಯಿತು. ಮ್ಯಾಂಕೋಜೆಬ್ ಜೊತೆ ಬೆರೆಸಿಯೇ ಮಾರುವುದು ಆ ಪಾಠದಿಂದ. ಋತುವಿಗೆ ಒಂದು ಸಲಕ್ಕಿಂತ ಹೆಚ್ಚು ಬೇಡ, ಹಿಂದೆ ಮುಂದೆ ತಾಮ್ರ ಇರಲಿ.

ಜೊತೆಗಾರ ಮ್ಯಾಂಕೋಜೆಬಿನ ಜಾತಕವನ್ನೂ ನೋಡಿ. ಐರೋಪ್ಯ ಒಕ್ಕೂಟ 2020ರ ಡಿಸೆಂಬರಿನಲ್ಲಿ ಅದರ ಅನುಮತಿ ನವೀಕರಿಸಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರಕಾರ ನಿಷೇಧಿಸಲು ಹೊರಟ 27 ಔಷಧಿಗಳ ಕರಡುಪಟ್ಟಿಯಲ್ಲೂ ಅದಿತ್ತು. ಉದ್ಯಮದವರು ಆಕ್ಷೇಪಿಸಿದರು, ಸಮಿತಿ ಕೂತಿತು, 2023ರಲ್ಲಿ ಆದೇಶ ಬಂದಾಗ 27ರಲ್ಲಿ ಪೂರ್ತಿ ನಿಷೇಧವಾದವು ಬೆರಳೆಣಿಕೆಯವು. ಮ್ಯಾಂಕೋಜೆಬ್ ಉಳಿಯಿತು. ಕರಡಿನಲ್ಲಿ ಅಪಾಯ ಎಂದದ್ದು ಅಂತಿಮ ಆದೇಶದಲ್ಲಿ ಯಾಕೆ ಅಪಾಯವಲ್ಲ ಎಂಬುದನ್ನು ಪ್ಯಾಕೆಟ್ ಕೊಳ್ಳುವವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವ ಕೆಲಸವನ್ನು ಯಾರೂ ವಹಿಸಿಕೊಂಡಿಲ್ಲ. ಅಂಕ 5.

ತ್ರಿಕೋನ

ಈಗ ಲೇಬಲ್. ಚೌಕವನ್ನು ಓರೆ ನಿಲ್ಲಿಸಿದಂಥ ಗುರುತು, ಅದರ ಕೆಳಗಿನ ತ್ರಿಕೋನದಲ್ಲಿ ಬಣ್ಣ. ಕೆಂಪು, ಹಳದಿ, ನೀಲಿ, ಹಸಿರು. ಹಸಿರು ಅಂದರೆ ಸಾಧು, ಕೆಂಪು ಅಂದರೆ ಘೋರ ಎಂದು ಎಲ್ಲರೂ ತಿಳಿದಿದ್ದಾರೆ. ಬಣ್ಣ ನಿಂತಿರುವುದು ಒಂದು ಲೆಕ್ಕದ ಮೇಲೆ: ಪ್ರಯೋಗದ ಪ್ರಾಣಿಗಳಲ್ಲಿ ಅರ್ಧ ಸಾಯಲು ದೇಹದ ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು. ಬಾಯಿಯ ಮೂಲಕ ಕೊಟ್ಟಾಗ 50ರೊಳಗೆ ಕೆಂಪು, 51ರಿಂದ 500 ಹಳದಿ, 501ರಿಂದ 5,000 ನೀಲಿ, ಆಚೆಗೆ ಹಸಿರು. ಚರ್ಮದ ಮೂಲಕ ಎಷ್ಟು ಎಂಬುದಕ್ಕೂ ಇಂಥದೇ ಪಟ್ಟಿ ಇದೆ. ಅಷ್ಟೆ. ಒಂದೇ ಸಲಕ್ಕೆ ಎಷ್ಟು ಹೋದರೆ ಜೀವ ಹೋಗುತ್ತದೆ ಎಂಬುದು ಮಾತ್ರ ಆ ಬಣ್ಣದಲ್ಲಿದೆ. ಇಪ್ಪತ್ತು ವರ್ಷ ತೋಡಿನ ನೀರಿನಲ್ಲಿ ಸ್ವಲ್ಪಸ್ವಲ್ಪ ಕುಡಿದರೆ ಏನು, ಬಸುರಿಗೆ ಏನು, ಮಗುವಿಗೆ ಏನು ಎಂಬುದು ಅದರಲ್ಲಿಲ್ಲ. ಮ್ಯಾಂಕೋಜೆಬ್ ಈ ಲೆಕ್ಕದಲ್ಲಿ ಹಸಿರು.

ಇದನ್ನು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕ ಆ ಅಳತೆಯಲ್ಲಿ ಹಳದಿ ಸಾಲಿನದು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಪುಗಳಿಗೆ, ಟೀ ಸೊಳ್ಳೆ ಎಂಬ ತಿಗಣೆಯ ವಿರುದ್ಧ, 1970ರ ದಶಕದ ಕೊನೆಯಿಂದ 2000ದವರೆಗೆ ಅದನ್ನು ಹೆಲಿಕಾಪ್ಟರಿನಿಂದ ಸುರಿಯಿತು. ಆಕಾಶದಿಂದ ಸಿಂಪಡಿಸುವುದಕ್ಕೆ 1971ರ ಕೀಟನಾಶಕ ನಿಯಮಗಳಲ್ಲಿ ಪ್ರತ್ಯೇಕ ಷರತ್ತುಗಳಿವೆ: 24 ಗಂಟೆ ಮೊದಲು ಊರಿಗೆ ತಿಳಿಸಬೇಕು, ಜನ ಜಾನುವಾರು ಆ ಜಾಗಕ್ಕೆ ಬಾರದಂತೆ ತಡೆಯಬೇಕು. ತೋಪು ಗುಡ್ಡೆಯ ಮೇಲೆ, ಬಾವಿ, ತೋಡು, ಮನೆ ಗುಡ್ಡೆಯ ಕೆಳಗೆ ಇರುವ ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರಿನಲ್ಲಿ ಈ ಷರತ್ತು ಪಾಲಿಸಲು ಸಾಧ್ಯವೇ ಎಂದು ಒಪ್ಪಿಗೆ ಕೊಡುವ ಮೊದಲೇ ನೆಲ ನೋಡಬೇಕಿತ್ತು. ಸುರಿದದ್ದು ರಾಜ್ಯ ಸರಕಾರದ ಸಂಸ್ಥೆ. ದೇಶದ ತಯಾರಕರಲ್ಲಿ ಒಂದಾದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೇಂದ್ರ ಸರಕಾರದ್ದು. ನೋಂದಣಿ ಮಾಡಿದ್ದೂ ಕೇಂದ್ರವೇ.

ಆಮೇಲೆ ವಿಜ್ಞಾನವೂ ಎರಡಾಯಿತು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನ್ನೇ ಹಣ ಕೊಟ್ಟು ಮಾಡಿಸಿದ ತಮಿಳುನಾಡಿನ ಪ್ರಯೋಗಾಲಯವೊಂದರ ಪರೀಕ್ಷೆ ಅದಕ್ಕೆ ತದ್ವಿರುದ್ಧ ಹೇಳಿತು. ರಾಷ್ಟ್ರೀಯ ಮಾನವ ಹಕ್ಕು ಆಯೋಗ ಪ್ರಶ್ನೆ ಎತ್ತಿದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು. ಆ ತಂಡ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪಡ್ರೆಯ 117 ಹುಡುಗರನ್ನು, ಹೋಲಿಕೆಗೆ ಸಿಂಪಡಣೆ ಇಲ್ಲದ ಮೀಂಜದ ಕಡೆಯ 90 ಹುಡುಗರನ್ನು ಇಟ್ಟು ನೋಡಲಾಗಿತ್ತು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚು, ಪ್ರಾಯಕ್ಕೆ ಬರುವುದು ತಡ. ಉದ್ಯಮದವರು ಅಂಕಿಯನ್ನೂ ವಿಧಾನವನ್ನೂ ಪ್ರಶ್ನಿಸಿದರು. ಕೇಂದ್ರ ಸರಕಾರ ಇನ್ನೂ ಸಮಿತಿಗಳನ್ನು ಕೂರಿಸಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆಯವರೆಗೂ ವಿರೋಧಿಸಿ, ಕೊನೆಗೆ ವಿನಾಯಿತಿ ಪಡೆದು ಒಪ್ಪಿತು. ಸುಪ್ರೀಂ ಕೋರ್ಟು ಮೇ 13ರಂದು ದೇಶದಲ್ಲೆಲ್ಲ ತಡೆ ಹಾಕಿತು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂಬ ಆದೇಶಕ್ಕೆ 2017ರ ಜನವರಿ ಆಗಬೇಕಾಯಿತು.

ಈ ಕಥೆಯಲ್ಲಿ ಲೇಬಲ್ ಓದುವವರಿಗೆ ಬೇಕಾದದ್ದು ಒಂದೇ ವಿಷಯ: ಎರಡು ವರದಿ ಎದುರುಬದುರಾದಾಗ ಮಾದರಿ ಎಲ್ಲಿಂದ, ಯಾವಾಗ ತೆಗೆದರು, ಹಣ ಯಾರದ್ದು ಎಂದು ನೋಡಬೇಕು. ಸಿಂಪಡಿಸಿ ಎಷ್ಟು ತಿಂಗಳಾದ ಮೇಲೆ ನೀರು ತೆಗೆದರು ಎಂಬುದರಿಂದಲೇ ಉತ್ತರ ಬದಲಾಗುತ್ತದೆ.

ಲೇಬಲಿನ ಜೊತೆಯ ಕರಪತ್ರದಲ್ಲಿ ಬೆಳೆಗಳ ಪಟ್ಟಿ ಇದೆ. ಅದರಲ್ಲಿ ‘ಅಡಿಕೆ’ ಇದೆಯೇ ಎಂದು ಕೊಳ್ಳುವ ಮೊದಲು ಬೆರಳಿಟ್ಟು ಹುಡುಕಿ. ಬೆಳೆಯೊಂದನ್ನು ಸೇರಿಸಬೇಕಾದರೆ ಕಂಪೆನಿ ಅರ್ಜಿ ಹಾಕಬೇಕು, ಆ ಬೆಳೆಯ ಮೇಲೆ ಪ್ರಯೋಗ ಮಾಡಿಸಿ ಪರಿಣಾಮದ, ಉಳಿಕೆಯ ಅಂಕಿ ಒಪ್ಪಿಸಬೇಕು. ಭತ್ತ, ಹತ್ತಿಗೆ ಆ ಖರ್ಚು ಗಿಟ್ಟುತ್ತದೆ. ಅವುಗಳಷ್ಟು ವಿಸ್ತಾರವಾಗಿ ಬೆಳೆಯದ ಅಡಿಕೆಗೆ, ಅದರಲ್ಲೂ ಪೇಟೆಂಟ್ ಮುಗಿದ ಔಷಧಿಗೆ, ಯಾವ ಕಂಪೆನಿಗೂ ಆತುರವಿಲ್ಲ. ಸಂಶೋಧನಾ ಕೇಂದ್ರದವರು ಪ್ರಯೋಗ ಮಾಡಿ ಶಿಫಾರಸು ಬರೆದರೂ ಅಷ್ಟರಿಂದಲೇ ಲೇಬಲ್ ಬದಲಾಗುವುದಿಲ್ಲ. ಸರಕಾರ ತಾನಾಗಿ ಸೇರಿಸುವುದಿಲ್ಲ. ಹೀಗೆ ವಿಜ್ಞಾನಿ ಹೇಳಿದ್ದು ಲೇಬಲಿನಲ್ಲಿಲ್ಲ, ಲೇಬಲಿನಲ್ಲಿರುವುದು ನಮ್ಮ ಬೆಳೆಯದ್ದಲ್ಲ. ತೋಟದಲ್ಲಿ ಬಿಟ್ಟವನ ಮೇಲೆ ಕೇಸಾಗುತ್ತದೆಯೇ ಎಂದು ಕೇಳುವವರಿಗೆ: ಕೀಟನಾಶಕ ಕಾಯಿದೆಯ 38ನೇ ಕಲಮಿನಂತೆ ಸ್ವಂತ ಸಾಗುವಳಿಯ ಭೂಮಿಯಲ್ಲಿ ಬಳಸುವವನಿಗೆ ಅದು ಅನ್ವಯಿಸುವುದಿಲ್ಲ. ಕಾನೂನು ಕಂಪೆನಿಯನ್ನೂ ಅಂಗಡಿಯನ್ನೂ ಹಿಡಿಯುತ್ತದೆ, ತೋಟದ ಬೇಲಿಯ ಹತ್ತಿರ ನಿಂತುಬಿಡುತ್ತದೆ. ಒಳಗೆ ಆಗುವುದಕ್ಕೆ ಹೊಣೆ ರೈತನೇ.

ಕನ್ನಡದ ಮಾತೂ ಒಂದಿದೆ. ಕರಪತ್ರ ಹಿಂದಿ, ಇಂಗ್ಲಿಷ್ ಮತ್ತು ಆ ಪ್ರದೇಶದ ಒಂದೋ ಎರಡೋ ಭಾಷೆಯಲ್ಲಿ ಇರಬೇಕೆಂಬುದು ನಿಯಮ. ಕೇರಳಕ್ಕೆಂದು ಕಟ್ಟಿದ ಪ್ಯಾಕೆಟಿನಲ್ಲಿ ಮಲಯಾಳ ಇದ್ದರೆ ನಿಯಮ ಪೂರೈಸಿತು. ಪುತ್ತೂರು ಕಡೆಯಿಂದ ಬಂದ ಪ್ಯಾಕೆಟಿನಲ್ಲಿ ಕನ್ನಡ ಇರುತ್ತದೆ, ಅಕ್ಷರ ಸಾಸಿವೆಯಷ್ಟು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುವುದೊಂದೇ ದಾರಿ.

ಗಡಿಯ ವಿಚಿತ್ರವನ್ನು ಫೊರೇಟ್ ಹರಳಿನಲ್ಲಿ ನೋಡಬಹುದು. ಬೇರುಹುಳಕ್ಕೆಂದು ಅಡಿಕೆ ಬುಡಕ್ಕೆ ಹಾಕುತ್ತಿದ್ದ, ಮೂಗು ಒಡೆಯುವ ವಾಸನೆಯ ಆ ಹರಳನ್ನು ಕೇರಳ 2011ರಲ್ಲಿ ಬೇರೆ ಕೆಲವದರೊಂದಿಗೆ ನಿಲ್ಲಿಸಿತು. ಕೇಂದ್ರದ ನಿಷೇಧ ಜಾರಿಯಾದದ್ದು 2020ರ ಡಿಸೆಂಬರ್ 31ಕ್ಕೆ. ನಡುವಿನ ಒಂಬತ್ತು ವರ್ಷ ರಾಜ್ಯದ ಗಡಿಯಾದ ತಲಪಾಡಿಯ ಈಚೆ ಅದು ಅಪರಾಧ, ಆಚೆ ಅಂಗಡಿ ಸರಕು. ಕಾಯಿದೆಯ 27ನೇ ಕಲಮು ರಾಜ್ಯಕ್ಕೆ ಕೊಟ್ಟಿರುವುದು 60 ದಿನದ ತಾತ್ಕಾಲಿಕ ತಡೆ, ಹೆಚ್ಚೆಂದರೆ ಇನ್ನು 30 ದಿನ. ಕಾಯಂ ನಿಷೇಧ ಕೇಂದ್ರದ್ದೇ. ಹಳೆಯ ದಾಸ್ತಾನು ಈಗಲೂ ಯಾರ ಕೊಟ್ಟಿಗೆಯ ಅಟ್ಟದಲ್ಲಾದರೂ ಇದ್ದರೆ ಗುಂಡಿಯಲ್ಲಿ ಹುಗಿಯಬೇಡಿ, ಕೃಷಿ ಭವನಕ್ಕೆ (ಪಂಚಾಯತಿನ ಕೃಷಿ ಕಚೇರಿಗೆ) ತಿಳಿಸಿ.

ಲೇಬಲಿಗೆ ಅಂಕ 3. ಕೊಟ್ಟದ್ದು ಬ್ಯಾಚ್ ಸಂಖ್ಯೆಗೆ.

ಡ್ರೋನ್

ಈಗ ಬಾಡಿಗೆಗೆ ಡ್ರೋನ್ ಬರುತ್ತದೆ. ಮೊದಲೇ ನೋಂದಣಿಯಾದ 477 ಔಷಧಿಗಳನ್ನು ಡ್ರೋನಿನಿಂದ ಬಿಡಲು 2022ರಲ್ಲಿ ಕೇಂದ್ರ ಮಧ್ಯಂತರ ಒಪ್ಪಿಗೆ ಕೊಟ್ಟಿತು, ಒಟ್ಟಿಗೆ. ಆಕಾಶದಿಂದ ಮದ್ದು ಎಂದರೆ ಈ ಜಿಲ್ಲೆಯಲ್ಲಿ ಕಿವಿ ನೆಟ್ಟಗಾಗುವುದು ಸಹಜ. ಹೆಲಿಕಾಪ್ಟರಿಗಿಂತ ಇದು ತಗ್ಗಿನಲ್ಲಿ ಹಾರುತ್ತದೆ, ಹನಿ ಚೆದುರುವುದು ಕಡಿಮೆ ಎಂಬುದೂ ನಿಜ. ಆದರೆ ಮಹಾಳಿಗೆ ಅದು ಸಲ್ಲದಿರಲು ಕಾರಣ ಬೇರೆ. ಅಡಿಕೆ ಕೊನೆ ಇರುವುದು ಸೋಗೆಯ ಕೆಳಗೆ. ಮೇಲಿಂದ ಬಿದ್ದ ಮದ್ದನ್ನು ಸೋಗೆಯೇ ಕೊಡೆಯಂತೆ ಹಿಡಿಯುತ್ತದೆ, ಕಾಯಿಯ ತೊಟ್ಟು ಒಣಗಿಯೇ ಇರುತ್ತದೆ. ಸಣ್ಣ ಟ್ಯಾಂಕಿಗೆ ಮದ್ದನ್ನು ಗಟ್ಟಿ ಮಾಡಬೇಕು. ಬೋರ್ಡೋದ ಲೋಳೆ ಅದರ ಸೂಕ್ಷ್ಮ ನಾಜಲಿಗೆ ಸರಿಹೋಗದು. ಸದ್ಯಕ್ಕೆ ನೆಲದಲ್ಲಿ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ನಾಜಲ್ ಏರಿಸಿ ಕೆಳಗಿನಿಂದ ಕೊನೆಗೆ ಹಿಡಿಯುವುದು ಹೆಚ್ಚು ಖಚಿತ. ಒಂದು ಎಚ್ಚರ: ಕಾರ್ಬನ್ ವಿದ್ಯುತ್ ಹಾಯಿಸುತ್ತದೆ. ತೋಟದ ಮೇಲೆ ತಂತಿ ಹೋಗಿದ್ದರೆ ಆ ಸಾಲಿಗೆ ದೋಟಿ ಎತ್ತಲೇಬೇಡಿ.

ಕೊಳ್ಳುವ ದಿನ

ಬಿಲ್ಲಿನಲ್ಲಿ ಸರಕಿನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಬರೆಸಿಕೊಳ್ಳಿ. ‘ತೋಟದ ಸಾಮಾನು’ ಎಂದು ಬರೆದ ಚೀಟಿಯಿಂದ ಏನೂ ಆಗದು. ಸಂಶಯ ಬಂದರೆ ದೂರು ಕೃಷಿ ಭವನದ ಮೂಲಕ ಕೀಟನಾಶಕ ಇನ್‌ಸ್ಪೆಕ್ಟರರಿಗೆ. ಅವರು ಮಾದರಿ ತೆಗೆಯುವುದು ಅಂಗಡಿಯ ಮುಚ್ಚಿದ ಕಟ್ಟಿನಿಂದ, ನಿಮ್ಮ ಬಿಚ್ಚಿದ ಚೀಲದಿಂದಲ್ಲ. ವಿಶ್ಲೇಷಣೆಗೆ ಕಾನೂನು ಕೊಟ್ಟಿರುವ ಗಡುವು 30 ದಿನ. ಎರಡನೇ ಮದ್ದಿನ ದಿನ 40ನೆಯದು. ಆದ್ದರಿಂದ ಮೊದಲ ಮದ್ದು ಬೆರೆಸುವ ಮುಂಚೆಯೇ, ಹರಳಿನ ಚೀಲ ಬಿಚ್ಚಿದ ಹೊತ್ತಿಗೇ ಅಮೋನಿಯದ ಪರೀಕ್ಷೆ ಮುಗಿಸಿ. ಒಂದು ಹಿಡಿ ಹರಳನ್ನು ಮುಚ್ಚಳ ಗಟ್ಟಿಯಿರುವ ಬಾಟಲಿಯಲ್ಲಿ ಹಾಕಿ, ತಾರೀಕು ಬರೆದು, ಬಿಲ್ಲಿನ ಜೊತೆ ಮಕ್ಕಳ ಕೈಗೆ ಸಿಗದ ಕಡೆ ತೆಗೆದಿಡಿ.